ಬರ್ಬನ್ ಪೀಪಾಯಿಯಲ್ಲಿ ಇಂಪೀರಿಯಲ್ ಸ್ಟೌಟ್: ಸೋರಿಕೆ ನಿಲ್ಲಿಸಿದ್ದು, ತುಂಬಿಸಿದ್ದು, ರುಚಿ ನೋಡಿದ್ದು

ಸ್ಟೌಟ್ ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್, ಇಂಪೀರಿಯಲ್ ಅಂದರೆ ಅದರಲ್ಲೇ ಆಲ್ಕೋಹಾಲ್ ಹೆಚ್ಚಿರುವ ಗಟ್ಟಿ ಬಗೆ. ಅದನ್ನು ಬರ್ಬನ್ ಅನ್ನುವ ಅಮೆರಿಕದ ವಿಸ್ಕಿ ಇಟ್ಟಿದ್ದ ಖಾಲಿ ಪೀಪಾಯಿಯಲ್ಲಿ ಇಟ್ಟರೆ, ಬಿಯರಿಗೆ ಒಂದಿಷ್ಟು ವಿಸ್ಕಿ ಬೆರೆಸಿದಂತೆ ಅಂತಲೇ ತುಂಬ ಜನ ತಿಳಿದಿದ್ದಾರೆ. ವಿಸ್ಕಿಯ ಪಾಲು ಅದರಲ್ಲಿ ಇರುವುದು ನಿಜ, ಆದರೆ ದೊಡ್ಡ ಪಾಲು ಸುಟ್ಟ ಓಕ್ ಮರದ್ದು. ಮೂರನೆಯ ಪಾಲು ಹಲಗೆಗಳ ಮೂಲಕ ನಿಧಾನವಾಗಿ ಒಳಗೆ ಬರುವ ಗಾಳಿಯದ್ದು. ಈ ಮೂರನ್ನೂ ನಾಲಿಗೆಯ ಮೇಲೆ ಬೇರೆ ಬೇರೆಯಾಗಿ ಹಿಡಿಯಬೇಕು ಅನ್ನುವುದೇ ಈ ಕೆಲಸದ ಉದ್ದೇಶ. ಅದಕ್ಕೆ ಮಾಡಿಕೊಂಡ ಏರ್ಪಾಡು ಇಷ್ಟೇ: ಒಂದೇ ಬಿಯರಿನಲ್ಲಿ ಬಹುಪಾಲು ಪೀಪಾಯಿಗೆ, ಉಳಿದದ್ದು ಕೆಗ್ಗಿಗೆ, ಅಂದರೆ ಗಾಳಿಯಾಡದ ಸ್ಟೀಲ್ ಪಾತ್ರೆಗೆ. ಎರಡನ್ನೂ ಒಂದೇ ಬೇಸ್‌ಮೆಂಟಿನಲ್ಲಿ ಇಟ್ಟು, ಪಕ್ಕಪಕ್ಕದಲ್ಲೇ ರುಚಿ ನೋಡುತ್ತಾ ಹೋಗುವುದು. ಪೀಪಾಯಿ ಕಾಣದ ಬಿಯರ್ ಪಕ್ಕದಲ್ಲಿ ಇಲ್ಲದಿದ್ದರೆ ಪೀಪಾಯಿ ಏನು ಮಾಡಿತು ಅಂತ ಹೇಳುವುದು ಬರೀ ಊಹೆ.

ನಾವಿರುವುದು ಶಿಕಾಗೋ ಹೊರವಲಯದಲ್ಲಿ. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನು 1979ರಿಂದ ಅವಕಾಶ ಕೊಟ್ಟಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವಂತಿಲ್ಲ, ಊರಿನಲ್ಲಿ ಓದುತ್ತಿರುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಖಾಲಿ ಪೀಪಾಯಿ ಎಲ್ಲಿಂದ ಬರುತ್ತದೆ

ಬರ್ಬನ್ ಅಂತ ಲೇಬಲ್ ಹಚ್ಚಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಭಟ್ಟಿ ಇಳಿಸಿದ ಮದ್ಯ ಶೇ. 62.5ಕ್ಕಿಂತ ಹೆಚ್ಚಿನ ಆಲ್ಕೋಹಾಲ್‌ನಲ್ಲಿ ಪೀಪಾಯಿಗೆ ಹೋಗುವಂತಿಲ್ಲ. ಪೀಪಾಯಿ ಹೊಸದಾಗಿರಬೇಕು, ಓಕ್ ಮರದ್ದಾಗಿರಬೇಕು, ಒಳಮೈ ಸುಟ್ಟಿರಬೇಕು. ಈ ‘ಹೊಸದು’ ಅನ್ನುವ ಶರತ್ತಿನಿಂದಾಗಿ ಒಮ್ಮೆ ಬರ್ಬನ್ ಇಳಿಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಬರುವುದಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಮೆಕ್ಸಿಕೋಗೆ ಹೋಗುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಬಿಯರ್ ಮಾಡುವವರ ಕೈಗೂ ಸಿಗುತ್ತವೆ.

ಆ ಪೀಪಾಯಿಯಲ್ಲಿ ಬಿಯರ್ ಇಡುವುದು ಶಿಕಾಗೋದವರಿಗೆ ಅಭಿಮಾನದ ವಿಷಯ. ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯ ಗ್ರೆಗ್ ಹಾಲ್ 1990ರ ದಶಕದಲ್ಲಿ, ಜಿಮ್ ಬೀಮ್ ಮನೆತನದ ಬೂಕರ್ ನೋ ಅವರಿಂದ ಖಾಲಿ ಪೀಪಾಯಿಗಳನ್ನು ತರಿಸಿಕೊಂಡು ಅದರಲ್ಲಿ ಗಟ್ಟಿ ಸ್ಟೌಟ್ ತುಂಬಿಸಿದರು. ಬರ್ಬನ್ ಕೌಂಟಿ ಸ್ಟೌಟ್ ಹುಟ್ಟಿದ್ದು ಹಾಗೆ. ಈಗ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಮರುದಿನ ಅದಕ್ಕೆ ಜನ ಸಾಲು ನಿಲ್ಲುತ್ತಾರೆ. ಅದಕ್ಕೂ ಹಿಂದೆ, 18ನೆಯ ಶತಮಾನದಲ್ಲಿ, ಲಂಡನ್ನಿನ ಸೌತ್‌ವರ್ಕ್‌ನಲ್ಲಿದ್ದ ಆಂಕರ್ ಬ್ರೂವರಿಯಿಂದ ಇಂಥ ಗಟ್ಟಿ ಸ್ಟೌಟ್ ಬಾಲ್ಟಿಕ್ ಸಮುದ್ರ ದಾಟಿ ರಷ್ಯಾದ ಅರಮನೆಗೆ ಹೋಗುತ್ತಿತ್ತು. ಆಗ ಎಲ್ಲ ಬಿಯರೂ ಮರದ ಪೀಪಾಯಿಯಲ್ಲೇ ಇರುತ್ತಿತ್ತು, ಆದರೆ ಇಂಗ್ಲೆಂಡಿನ ಬ್ರೂವರ್‌ಗಳಿಗೆ ಮರದ ರುಚಿ ಬೇಕಿರಲಿಲ್ಲ. ಅಮೆರಿಕದ ಬಿಳಿ ಓಕ್ ಬಿಯರಿಗೆ ವಾಸನೆ ಹಿಡಿಸುತ್ತದೆ ಅಂತ ಬಾಲ್ಟಿಕ್ ಕಡೆಯ ಓಕ್ ಹುಡುಕಿ ತರಿಸುತ್ತಿದ್ದರು. ಅವರು ಬೇಡವೆಂದ ಅದೇ ವಾಸನೆಗೆ ನಾವು ಇಂದು ಹಣ ಕೊಡುತ್ತೇವೆ.

ದೊಡ್ಡ ಪೀಪಾಯಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಮನೆಯವರ ಕೈಗೆ ಅದು ಮೀರಿದ್ದು. ನಾನು ತಂದದ್ದು 5 ಗ್ಯಾಲನ್ನಿನದು, ಸುಮಾರು 19 ಲೀಟರ್ ಹಿಡಿಯುತ್ತದೆ. ಚಿಕ್ಕ ಪೀಪಾಯಿಯಲ್ಲಿ ಒಂದು ವಿಷಯ ಮರೆಯಬಾರದು: ಪ್ರತಿ ಲೀಟರ್ ಬಿಯರಿಗೆ ತಾಕುವ ಮರದ ಮೈ ದೊಡ್ಡ ಪೀಪಾಯಿಯ ಎರಡು ಪಟ್ಟಿಗಿಂತಲೂ ಹೆಚ್ಚು. ಬ್ರೂವರಿಗಳು ಎಂಟು ತಿಂಗಳು, ವರ್ಷ ಅಂತ ಇಡುವ ಲೆಕ್ಕವನ್ನು ಇಲ್ಲಿಗೆ ತಂದರೆ ಬಿಯರ್ ಹೋಗಿ ಮರದ ಕಷಾಯ ಆಗುತ್ತದೆ.

ಬಂದ ಪೀಪಾಯಿಯ ತಪಾಸಣೆ

ಪೆಟ್ಟಿಗೆ ಬಿಚ್ಚಿದ ಕೂಡಲೇ ಮಾಡಬೇಕಾದದ್ದು ಬಿರಡೆ ತೆಗೆದು ಮೂಗು ಇಡುವುದು. ಘಾಟು ಮೂಗಿಗೆ ಹೊಡೆಯಬೇಕು: ಮದ್ಯದ ಬಿಸಿ, ಅದರ ಹಿಂದೆ ವೆನಿಲಾ, ಅದರ ಹಿಂದೆ ಸುಟ್ಟ ಸಕ್ಕರೆ. ವಿನಿಗರ್ ವಾಸನೆ ಬಂದರೂ, ಬೂಷ್ಟಿನ ವಾಸನೆ ಬಂದರೂ ಆ ಪೀಪಾಯಿ ಬೇಡ. ಇದರಲ್ಲಿ ಅಂಥದ್ದೇನೂ ಇರಲಿಲ್ಲ. ಬಿರಡೆಯ ತೂತಿನಿಂದ ಟಾರ್ಚ್ ಬಿಟ್ಟು ನೋಡಿದೆ. ಒಳಮೈ ಪೂರ್ತಿ ಇದ್ದಿಲಾಗಿ, ಚೌಕ ಚೌಕವಾಗಿ ಬಿರುಕು ಬಿಟ್ಟು ನಿಂತಿತ್ತು. ಬಿರುಕಿನ ಅಂಚುಗಳು ಒದ್ದೆಯಾಗಿ ಬೆಳಕಿಗೆ ಮಿರಿಮಿರಿ ಮಿಂಚುತ್ತಿದ್ದವು. ಆ ಒದ್ದೆ ಮುಖ್ಯ. ಮರದೊಳಗೆ ಹೀರಿಕೊಂಡ ಮದ್ಯ ಇನ್ನೂ ಇದೆ ಅನ್ನುವುದಕ್ಕೆ ಅದೇ ಗುರುತು. ಅದಿದ್ದರೆ ರುಚಿಯೂ ಉಂಟು, ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಕಾವಲೂ ಉಂಟು. ಹಾಗಾಗಿ ಒಳಗೆ ನೀರು ಹಾಕಿ ತೊಳೆಯಬಾರದು.

ಆದರೆ ದಾರಿಯಲ್ಲಿ ಒಂದು ಕಡೆಯ ಮುಖ ಒಣಗಿತ್ತು. ಪೀಪಾಯಿಗೆ ಎರಡು ತುದಿಯಲ್ಲೂ ಚಪ್ಪಟೆ ದುಂಡು ಮುಖ ಇರುತ್ತದೆ, ನಾಲ್ಕೈದು ಹಲಗೆ ಜೋಡಿಸಿ ಮಾಡಿದ್ದು. ಅದರ ಅಂಚು ಪಕ್ಕದ ಹಲಗೆಗಳಲ್ಲಿ ಕೊರೆದ ಸಣ್ಣ ತೋಡಿನಲ್ಲಿ ಕೂತಿರುತ್ತದೆ. ಅಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಮರ ಉಬ್ಬಿದರೆ ಬಿಗಿ, ಒಣಗಿದರೆ ಸಡಿಲ. ಟಾರ್ಚನ್ನು ಒಳಗೆ ಬಿಟ್ಟು ಲೈಟ್ ಆರಿಸಿದಾಗ, ಕೆಳಮುಖದ ಎರಡು ಹಲಗೆಗಳ ನಡುವೆ ಕೂದಲಿನಷ್ಟು ಬೆಳಕಿನ ಗೆರೆ ಕಂಡಿತು.

ರಿಪೇರಿ ಹೀಗೆ ಮಾಡಿದೆ. ಮೊದಲು ಕಬ್ಬಿಣದ ಪಟ್ಟಿಗಳು. ಅವು ತುದಿಯಿಂದ ಹೊಟ್ಟೆಯ ಕಡೆಗೆ ಇಳಿದಷ್ಟೂ ಬಿಗಿಯಾಗುತ್ತವೆ. ಪಟ್ಟಿಯ ಅಂಚಿಗೆ ಮೊಂಡು ಉಳಿ ಹಿಡಿದು, ಸುತ್ತಿಗೆಯಲ್ಲಿ ಸಣ್ಣ ಸಣ್ಣ ಪೆಟ್ಟು, ಒಂದೇ ಕಡೆ ಹೊಡೆಯದೆ ಸುತ್ತಲೂ ತಿರುಗಿಸುತ್ತಾ. ಶುರುವಿನಲ್ಲಿ ‘ಡಬ್’ ಅನ್ನುವ ಸದ್ದು, ಬಿಗಿಯಾದ ಮೇಲೆ ‘ಟಣ್’ ಅನ್ನುತ್ತದೆ. ಆ ಸದ್ದು ಬದಲಾದಲ್ಲಿಗೆ ನಿಲ್ಲಿಸಬೇಕು, ಇನ್ನೂ ಹೊಡೆದರೆ ಪಟ್ಟಿಯ ರಿವೆಟ್ ಹರಿಯುತ್ತದೆ. ಆಮೇಲೆ ಸೋರುವ ಮುಖ ಮೇಲೆ ಬರುವಂತೆ ಪೀಪಾಯಿ ನಿಲ್ಲಿಸಿದೆ. ಮುಖದ ಸುತ್ತ ಹಲಗೆಗಳ ತುದಿ ಎದ್ದು ನಿಂತಿರುವುದರಿಂದ ಅಲ್ಲಿ ತಟ್ಟೆಯಂಥ ಜಾಗ ಇರುತ್ತದೆ. ಅದಕ್ಕೆ ಕುದಿಯುವ ನೀರು ಸುರಿದು ರಾತ್ರಿಯಿಡೀ ಬಿಟ್ಟೆ. ನೀರು ಹೊರಗಿನಿಂದ ಮರವನ್ನು ಉಬ್ಬಿಸುತ್ತದೆ, ಒಳಗಿನ ಮದ್ಯ ಬಹುಪಾಲು ಹಾಗೇ ಉಳಿಯುತ್ತದೆ. ಒಳಗೇ ನೀರು ತುಂಬಿಸಿ ನೆನೆಹಾಕುವುದು ಸುಲಭದ ದಾರಿ, ಆದರೆ ನೀರು ಚೆಲ್ಲುವಾಗ ಬರ್ಬನ್ನೂ ಅದರ ಜೊತೆಗೇ ಚರಂಡಿಗೆ ಹೋಗುತ್ತದೆ.

ಬೆಳಿಗ್ಗೆ ಗೆರೆ ಮುಚ್ಚಿತ್ತು. ಅಂಚಿನ ಒಂದು ಜಾಗದಲ್ಲಿ ಮಾತ್ರ ಇನ್ನೂ ಸಂದೇಹ. ಅಲ್ಲಿ ಒರೆಸಿ ಒಣಗಿಸಿ, ಪೀಪಾಯಿಗೆಂದೇ ಮಾರುವ ಮೇಣವನ್ನು ಹೆಬ್ಬೆರಳಿನಿಂದ ಸಂದಿಗೆ ಒತ್ತಿ ತಿಕ್ಕಿದೆ. ಅದರಲ್ಲಿ ಜೇನುಮೇಣ ಇರುತ್ತದೆ, ಬೆರಳಿನ ಬಿಸಿಗೇ ಮೆತ್ತಗಾಗುತ್ತದೆ. ಗಟ್ಟಿ ಸ್ಟೌಟ್ ಒಳಗೆ ಹೋದ ಮೇಲೆ ಉಳಿದ ಸಣ್ಣ ಸಂದಿಗಳನ್ನು ಅದರ ಸಕ್ಕರೆಯೇ ಮುಚ್ಚುತ್ತದೆ.

ತುಂಬಿಸುವ ಮುಂಚೆ ಇನ್ನೊಂದು ಕೆಲಸ. ರುಚಿ ನೋಡಲೆಂದು ಪ್ರತಿ ಸಾರಿ ಬಿರಡೆ ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ವಿನಿ ಸಿಲುರ್ಜೊ ಇದಕ್ಕೆ ಹುಡುಕಿದ ಉಪಾಯ ಈಗ ಎಲ್ಲೆಡೆ ಅವರ ಹೆಸರಿನಲ್ಲೇ ನಡೆಯುತ್ತದೆ: ಪೀಪಾಯಿಯ ಮುಖಕ್ಕೆ 7/64 ಇಂಚಿನ ತೂತು ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಹೊಡೆಯುವುದು. ಮೊಳೆ ಕಿತ್ತರೆ ಸಣ್ಣಗೆ ಧಾರೆ ಬರುತ್ತದೆ, ಗ್ಲಾಸಿಗೆ ಬೇಕಾದಷ್ಟು ಹಿಡಿದು ಮೊಳೆ ವಾಪಸ್ಸು ಒತ್ತಿದರೆ ನಿಲ್ಲುತ್ತದೆ. ಮೊಳೆ ಸ್ಟೇನ್‌ಲೆಸ್ ಆಗಿರಲೇಬೇಕು. ಸಾದಾ ಕಬ್ಬಿಣ ಓಕಿನಲ್ಲಿರುವ ಟ್ಯಾನಿನ್ ಅನ್ನುವ ಒಗರು ಪದಾರ್ಥದ ಜೊತೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ, ಬಿಯರಿಗೆ ಲೋಹದ ರುಚಿ ಬರುತ್ತದೆ. ಮುಖದ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಕೊರೆದೆ, ಗಸಿ ಕೂರುವ ಮಟ್ಟಕ್ಕಿಂತ ಮೇಲೆ.

ಬಿಯರ್

ಪೀಪಾಯಿಗೆ 19 ಲೀಟರ್, ಮೇಲೆ ತುಂಬಿಸಲು, ಹೋಲಿಸಲು, ಕೊನೆಗೆ ಬೆರೆಸಲು ಇನ್ನೊಂದು 8 ಲೀಟರ್. ಗಸಿ ಕಳೆದು ಇಷ್ಟು ಉಳಿಯಬೇಕಾದರೆ 30 ಲೀಟರ್ ಬೇಕು. ನನ್ನ ಪಾತ್ರೆಗೆ ಅದು ಒಂದೇ ಸಲಕ್ಕೆ ಆಗುವುದಿಲ್ಲ, ಹಾಗಾಗಿ ಒಂದೇ ದಿನ ಎರಡು ಸಲ ಕುದಿಸಿ ಒಂದೇ ಡ್ರಮ್ಮಿಗೆ ಸೇರಿಸಿದೆ.

ಒಟ್ಟು ಧಾನ್ಯ 18 ಕೆ.ಜಿ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಧಾನ್ಯದಲ್ಲಿ ಪೇಲ್ ಮಾಲ್ಟ್ 13 ಕೆ.ಜಿ., ಮ್ಯೂನಿಕ್ ಮಾಲ್ಟ್ ಒಂದೂವರೆ, ಹುರಿದ ಬಾರ್ಲಿ 1 ಕೆ.ಜಿ., ಓಟ್ಸ್ ಅವಲಕ್ಕಿ 1 ಕೆ.ಜಿ., ಚಾಕೊಲೇಟ್ ಮಾಲ್ಟ್ 800 ಗ್ರಾಂ, ಕಡುಬಣ್ಣದ ಕ್ರಿಸ್ಟಲ್ ಮಾಲ್ಟ್ 700 ಗ್ರಾಂ. ಚಾಕೊಲೇಟ್ ಮಾಲ್ಟ್ ಅಂದರೆ ಅದರಲ್ಲಿ ಚಾಕೊಲೇಟ್ ಇಲ್ಲ, ಬಾರ್ಲಿಯನ್ನು ಆ ಬಣ್ಣಕ್ಕೆ ಹುರಿದಿರುತ್ತಾರೆ ಅಷ್ಟೆ. ಹುರಿದ ಧಾನ್ಯ ಒಟ್ಟಿನ ಹತ್ತನೆಯ ಒಂದು ಭಾಗ. ಪೀಪಾಯಿಗೆ ಹೋಗುವ ಸ್ಟೌಟಿಗೆ ಇದಕ್ಕಿಂತ ಹೆಚ್ಚು ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೀಪಾಯಿಯ ಇದ್ದಿಲೂ ಟ್ಯಾನಿನ್ನೂ ತಮ್ಮ ಪಾಲಿನ ಕಹಿ, ಒಗರು ತರುತ್ತವೆ, ಧಾನ್ಯದಲ್ಲೇ ಅಷ್ಟೂ ತುಂಬಿಸಿಬಿಟ್ಟರೆ ಅವಕ್ಕೆ ಜಾಗ ಇರುವುದಿಲ್ಲ.

ನೀರು ಮಿಶಿಗನ್ ಸರೋವರದ್ದು, ಮುನ್ಸಿಪಲ್ ನಲ್ಲಿಯಲ್ಲಿ ಬರುವುದೇ. ಅದರಲ್ಲಿ ಇರುವ ಬೈಕಾರ್ಬನೇಟ್ ಹುರಿದ ಧಾನ್ಯದ ಹುಳಿಯನ್ನು ತಡೆದುಕೊಳ್ಳುವಷ್ಟಿದೆ, ಸ್ಟೌಟಿಗೆ ಹೊಂದುತ್ತದೆ. ಕ್ಲೋರಿನ್ ತೆಗೆಯಲು ಮೆಟಾಬೈಸಲ್ಫೈಟ್ ಮಾತ್ರೆ ಪುಡಿಮಾಡಿ ಹಾಕಿದೆ. ಕ್ಲೋರಿನ್ ಉಳಿದರೆ ಬಿಯರಿಗೆ ಬ್ಯಾಂಡೇಜಿನ ವಾಸನೆ ಬರುತ್ತದೆ, ಯಾವ ಓಕೂ ಅದನ್ನು ಮುಚ್ಚುವುದಿಲ್ಲ.

ಧಾನ್ಯ ನೆನೆಸಿದ್ದು 68 ಡಿಗ್ರಿಯಲ್ಲಿ, ಒಂದು ಗಂಟೆಗೂ ಮಿಕ್ಕಿ. ಆ ಬಿಸಿಯಲ್ಲಿ ಯೀಸ್ಟ್ ತಿನ್ನಲಾರದ ಸಕ್ಕರೆ ಹೆಚ್ಚು ಉಳಿಯುತ್ತದೆ, ಬಿಯರ್ ಮೈತುಂಬಿಕೊಳ್ಳುತ್ತದೆ. ಮರದ ಒಗರಿಗೆ ಎದುರಾಗಿ ನಿಲ್ಲುವುದು ಈ ಸಿಹಿಯೇ. ಬಸಿದು ಬಂದ ಸಿಹಿನೀರನ್ನು ಎರಡು ಗಂಟೆ ಕುದಿಸಿದೆ. ಕೊನೆಗೆ ಬಂದದ್ದು ಜೋನಿ ಬೆಲ್ಲದಂತೆ ಸೌಟಿನಿಂದ ದಾರವಾಗಿ ಇಳಿಯುತ್ತಿತ್ತು, ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.110. ಕಹಿಗೆ ಹಾಪ್ಸ್ ಅನ್ನುವ ಹೂವು, ಮ್ಯಾಗ್ನಮ್ ತಳಿಯದು, 80 ಗ್ರಾಂ ಮಾತ್ರ, ಎಲ್ಲವೂ ಕೊನೆಯ ಒಂದು ಗಂಟೆಯಲ್ಲಿ. ಹಾಪ್ಸಿನ ಸುವಾಸನೆ ಇಲ್ಲಿ ಬೇಡ, ತಿಂಗಳುಗಳ ಬಳಿಕ ಅದು ಉಳಿಯುವುದೂ ಇಲ್ಲ.

ಇಷ್ಟು ಗಟ್ಟಿ ಸಿಹಿನೀರಿನಲ್ಲಿ ಯೀಸ್ಟಿಗೆ ಕಷ್ಟ. ಒಣ ಯೀಸ್ಟ್, ಯುಎಸ್-05, ಐದು ಪ್ಯಾಕೆಟ್ ಹಾಕಿ, ಶುದ್ಧ ಆಮ್ಲಜನಕ ಊದಿ, 18 ಡಿಗ್ರಿಯಲ್ಲಿ ಇಟ್ಟೆ. ಮಾರನೆಯ ದಿನ ಕಂದು ನೊರೆ ಉಕ್ಕಿ ಬಂತು. ಅದಕ್ಕೆಂದೇ ದಪ್ಪ ಪೈಪ್ ಹಾಕಿ ಬಕೆಟ್ಟಿಗೆ ಬಿಟ್ಟಿದ್ದೆ. ಹುದುಗು ಇಳಿದ ಮೇಲೆ 21 ಡಿಗ್ರಿಗೆ ಏರಿಸಿದೆ, ಗ್ರಾವಿಟಿ 1.030ಕ್ಕೆ ಬಂದು ಕದಲದೆ ನಿಂತಿತು. ಆಲ್ಕೋಹಾಲ್ ಸುಮಾರು ಶೇ. 10.5. ಇದು ಪೂರ್ತಿ ನಿಂತ ಮೇಲೆಯೇ ಪೀಪಾಯಿಯ ಯೋಚನೆ ಮಾಡಬೇಕು. ಇನ್ನೂ ಹುದುಗುತ್ತಿರುವ ಬಿಯರನ್ನು ಬಿರಡೆ ಹಾಕಿ ಮುಚ್ಚಿದರೆ ಒತ್ತಡ ಏರಿ ಮುಖವೇ ಬಿಟ್ಟುಕೊಳ್ಳಬಹುದು.

ತುಂಬಿಸಿದ್ದು

ಮೊದಲು ಪೀಪಾಯಿಯೊಳಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಗಾಳಿ ಹೊರಹಾಕಿದೆ. ಬಿಯರನ್ನು ಕೆಗ್ಗಿನಿಂದ ಸ್ವಲ್ಪವೇ ಒತ್ತಡದಲ್ಲಿ, ಪೈಪ್ ತಳಮುಟ್ಟುವಂತೆ ಇಳಿಬಿಟ್ಟು, ನೊರೆಯೇಳದಂತೆ ತುಂಬಿಸಿದೆ, ಬಿರಡೆಯ ತೂತಿನ ಅಂಚಿನವರೆಗೂ. ಖಾಲಿ ಜಾಗ ಬಿಟ್ಟರೆ ಅಲ್ಲಿ ಗಾಳಿ, ಗಾಳಿ ಇದ್ದಲ್ಲಿ ವಿನಿಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಅನ್ನ. ಮೊದಲ ಕೆಲವು ದಿನ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಗಾಳಿಯನ್ನು ಒಳಬಿಡದ ಮುಚ್ಚಳ), ಆಮೇಲೆ ಸಿಲಿಕೋನ್ ಬಿರಡೆ. ಉಳಿದ ಬಿಯರ್ ಕೆಗ್ಗಿನಲ್ಲಿ, ಗ್ಯಾಸಿನಡಿ.

ತುಂಬಿಸಿದ ಎರಡು ದಿನದಲ್ಲೇ ಮಟ್ಟ ಎರಡು ಬೆರಳು ಇಳಿದಿತ್ತು. ಒಣ ಮರ ಕುಡಿಯುತ್ತದೆ. ಕೆಗ್ಗಿನಿಂದ ಮೇಲೆ ತುಂಬಿಸಿದೆ, ಮುಂದೆಯೂ ಆಗಾಗ ತುಂಬಿಸುತ್ತಿದ್ದೆ. ಹೀಗೆ ಮರದಿಂದ ಆವಿಯಾಗಿ ಹೋಗುವುದನ್ನು ವಿಸ್ಕಿಯವರು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇ. 2ರಷ್ಟು. ಬೆಂಗಳೂರಿನ ಹವೆಯಲ್ಲಿ ಅಮೃತ್‌ನವರು ಶೇ. 10ಕ್ಕೂ ಮೇಲೆ ಕಳೆದುಕೊಳ್ಳುತ್ತಾರೆ, ಹಾಗಾಗಿಯೇ ಅವರ ವಿಸ್ಕಿ ನಾಲ್ಕೈದು ವರ್ಷಕ್ಕೆಲ್ಲ ಹಣ್ಣಾಗುತ್ತದೆ. ನನ್ನ ಬೇಸ್‌ಮೆಂಟ್ ಚಳಿಗಾಲದಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ, ಆದರೂ ಪೀಪಾಯಿ ಚಿಕ್ಕದಾದಷ್ಟೂ ಈ ನಷ್ಟ ಹೆಚ್ಚು.

ರುಚಿಯ ದಾಖಲೆ

ಪ್ರತಿ ಸಲವೂ ಒಂದೇ ಕ್ರಮ. ಬಾಯಿ ಅಗಲವಿಲ್ಲದ, ಹೊಟ್ಟೆ ದುಂಡಗಿರುವ ಎರಡು ಗ್ಲಾಸು. ಒಂದರಲ್ಲಿ ಮೊಳೆಯಿಂದ ಹಿಡಿದ ಪೀಪಾಯಿ ಬಿಯರ್ 40 ಮಿಲಿ, ಇನ್ನೊಂದರಲ್ಲಿ ಕೆಗ್ಗಿನದು ಅಷ್ಟೇ. ಕೆಗ್ಗಿನದನ್ನು ಕಲಕಿ ಗ್ಯಾಸ್ ಕಳೆಯಬೇಕು, ಇಲ್ಲದಿದ್ದರೆ ಹೋಲಿಕೆ ಸರಿ ಬರುವುದಿಲ್ಲ. ಎರಡೂ 13 ಡಿಗ್ರಿಗೆ ಬರುವವರೆಗೆ ಕಾಯುವುದು. ಫ್ರಿಜ್ಜಿನ ತಣ್ಣನೆಯಲ್ಲಿ ಮರದ ಸುವಾಸನೆ ಏಳುವುದೇ ಇಲ್ಲ, ಇದ್ದಿಲಿನ ಕಹಿ ಮಾತ್ರ ನಾಲಿಗೆಗೆ ಸಿಗುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತು, ಕಾಫಿ ಕುಡಿಯುವ ಮುಂಚೆ, ಮಸಾಲೆ ಏನೂ ತಿನ್ನದೆ. ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಿ ಕೂತು ವೆನಿಲಾ ಹುಡುಕುವುದು ಆಗದ ಮಾತು, ಅದಕ್ಕೆ ಬೇಸ್‌ಮೆಂಟಿನಲ್ಲೇ ಮಾಡುತ್ತಿದ್ದೆ.

ಶುರುವಿನ ವಾರಗಳಲ್ಲಿ ಬಂದದ್ದು ಬರ್ಬನ್ ಒಂದೇ. ಮೂಗಿಗೆ ಮದ್ಯದ ಬಿಸಿ, ಬಾಯಲ್ಲಿ ಸ್ಟೌಟ್ ಬೇರೆ, ವಿಸ್ಕಿ ಬೇರೆ. ಒಂದರ ಮೇಲೊಂದು ಇಟ್ಟಂತೆ, ಬೆಸೆದಿರಲಿಲ್ಲ. ಮರದ ಮೇಲುಪದರದಲ್ಲಿದ್ದ ಮದ್ಯ ಮೊದಲು ಹೊರಬರುವುದರಿಂದ ಹೀಗೆ. ಇಲ್ಲಿಗೇ ನಿಲ್ಲಿಸುವವರಿದ್ದಾರೆ. ವಿಸ್ಕಿಯ ಪೆಟ್ಟು ಬೇಕೆನ್ನುವವರಿಗೆ ಇದು ಇಷ್ಟವಾಗಬಹುದು, ನನಗೆ ಇದು ಇನ್ನೂ ಬೇಯದ ರುಚಿ.

ತಿಂಗಳು ಕಳೆದ ಮೇಲೆ ಮರ ಮಾತಾಡತೊಡಗಿತು. ಮೊದಲು ವೆನಿಲಾ. ಓಕಿನ ಲಿಗ್ನಿನ್ ಬಿಸಿಗೆ ಒಡೆದಾಗ ಹುಟ್ಟುವ ವೆನಿಲಿನ್, ವೆನಿಲಾ ಕೋಡಿನಲ್ಲಿ ಇರುವುದೂ ಇದೇ. ಅದರ ಹಿಂದೆಯೇ ಒಣಕೊಬ್ಬರಿ. ಇದು ಲ್ಯಾಕ್ಟೋನ್ ಅನ್ನುವ ವಸ್ತುವಿನಿಂದ ಬರುತ್ತದೆ, ಅಮೆರಿಕದ ಬಿಳಿ ಓಕಿನಲ್ಲಿ ಇದು ಯುರೋಪಿನ ಓಕಿಗಿಂತ ಜಾಸ್ತಿ. ಕೆಗ್ಗಿನ ಗ್ಲಾಸು ಮೂಸಿ ಪೀಪಾಯಿಯ ಗ್ಲಾಸು ಮೂಸಿದರೆ ಕೊಬ್ಬರಿ ಥಟ್ಟನೆ ಗೊತ್ತಾಗುತ್ತದೆ, ಪೀಪಾಯಿಯದನ್ನಷ್ಟೇ ಮೂಸಿದರೆ ಚಾಕೊಲೇಟಿನೊಳಗೆ ಅಡಗಿಬಿಡುತ್ತದೆ. ಮರದ ಹೆಮಿಸೆಲ್ಯುಲೋಸ್ ಸುಟ್ಟು ಆದ ಸಕ್ಕರೆಯಿಂದ ಕ್ಯಾರಮೆಲ್, ಯೂಜಿನಾಲ್‌ನಿಂದ ತುಸು ಲವಂಗ. ಕೆಗ್ಗಿನ ಬಿಯರಿನಲ್ಲಿ ಇದ್ದ ಹಸಿ ಸುಟ್ಟವಾಸನೆ ಪೀಪಾಯಿಯದರಲ್ಲಿ ಕಡಿಮೆಯಾಗಿ, ಅಂಚುಗಳು ಮೆತ್ತಗಾಗಿದ್ದವು. ಕೊಟ್ಟದ್ದಷ್ಟೇ ಅಲ್ಲ, ಪೀಪಾಯಿ ತೆಗೆದುಕೊಂಡದ್ದೂ ಇದೆ ಅನ್ನುವುದು ಗೊತ್ತಾಗುವುದು ಈ ಹೋಲಿಕೆಯಿಂದಲೇ.

ಮೂರನೆಯದು ಗಾಳಿಯ ಪಾಲು. ಅದು ನಿಧಾನ. ಒಣದ್ರಾಕ್ಷಿ, ಖರ್ಜೂರ, ಸ್ವಲ್ಪ ಶೆರಿ ವೈನಿನ ಛಾಯೆ. ಇಲ್ಲಿಯವರೆಗೆ ಒಳ್ಳೆಯದು. ಇದೇ ಮುಂದುವರಿದರೆ ಒದ್ದೆ ರಟ್ಟಿನ ವಾಸನೆ, ಆಮೇಲೆ ಸೋಯಾ ಸಾಸ್. ಆ ಹಂತ ಮುಟ್ಟಿದ ಬಿಯರನ್ನು ಯಾರೂ ವಾಪಸ್ಸು ತರಲಾರರು.

ಜನವರಿಯ ಹೊತ್ತಿಗೆ ಇನ್ನೊಂದು ಬದಲಾವಣೆ, ಬಾಯಿಯ ಹಿಂಭಾಗದಲ್ಲಿ. ನುಂಗಿದ ಮೇಲೆ ಕೆನ್ನೆಯ ಒಳಗಡೆ ಒಣಗಿದಂತೆ, ಹಲ್ಲಿನ ಮೇಲೆ ನಾಲಿಗೆ ಜಾರದಂತೆ. ಇದು ಒಗರು, ಕಹಿಯಲ್ಲ. ಕಹಿಯಾದರೆ ನಾಲಿಗೆಯಲ್ಲಿ ನಿಲ್ಲುತ್ತದೆ, ಒಗರು ಕೆನ್ನೆಯನ್ನು ಹಿಡಿಯುತ್ತದೆ. ಕೆಗ್ಗಿನ ಬಿಯರಿನಲ್ಲಿ ಕಹಿ ಇತ್ತು, ಈ ಹಿಡಿತ ಇರಲಿಲ್ಲ. ಮರದ ಟ್ಯಾನಿನ್ ಸಾಕಷ್ಟು ಬಂದಿದೆ ಅನ್ನುವುದಕ್ಕೆ ಇದೇ ಸೂಚನೆ. ವೆನಿಲಾ ಇನ್ನೂ ಸ್ವಲ್ಪ ಬರಲಿ ಅಂತ ಕಾಯುವ ಆಸೆ ಎಲ್ಲರಿಗೂ ಆಗುತ್ತದೆ. ಚಿಕ್ಕ ಪೀಪಾಯಿಯಲ್ಲಿ ವೆನಿಲಾಕ್ಕಿಂತ ಒಗರು ಬೇಗ ಓಡುತ್ತದೆ. ಇಳಿಸಲು ನಿರ್ಧರಿಸಿದೆ.

ರುಚಿಯ ಜೊತೆಗೆ ಪ್ರತಿ ಸಲ ಪಿಎಚ್ ಕೂಡ ನೋಡುತ್ತಿದ್ದೆ. ಅದು ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಶುರುವಿನಲ್ಲಿ 4.4, ಕೊನೆಯವರೆಗೂ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. 4ಕ್ಕಿಂತ ಕೆಳಗೆ ಜಾರತೊಡಗಿದರೆ ಹುಳಿ ಮಾಡುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂತ ಸಂಶಯ ಪಡಬೇಕು. ಇಷ್ಟು ಆಲ್ಕೋಹಾಲಿನಲ್ಲಿ ಏನೂ ಬೆಳೆಯುವುದಿಲ್ಲ ಅನ್ನುವ ನಂಬಿಕೆ ಸರಿಯಲ್ಲ. ಆ ಜಾತಿಯಲ್ಲಿ ಕೆಲವು ಆಲ್ಕೋಹಾಲನ್ನು ತಡೆದುಕೊಳ್ಳುತ್ತವೆ, ದೊಡ್ಡ ಬ್ರೂವರಿಗಳ ಪೀಪಾಯಿ ಬಿಯರನ್ನೂ ಹುಳಿ ಮಾಡಿವೆ. ನಾಲಿಗೆಗೆ ಹುಳಿ ಗೊತ್ತಾಗುವ ಮುಂಚೆಯೇ ಮೀಟರ್ ಹೇಳುತ್ತದೆ.

ಬೆರೆಸಿದ್ದು

ಪೀಪಾಯಿಯಿಂದ ಇಳಿಸಿದ್ದನ್ನು ಹಾಗೇ ಬಾಟಲಿಗೆ ಹಾಕುವವರೇ ಹೆಚ್ಚು. ಇಷ್ಟು ಕಾದು ಪಡೆದದ್ದಕ್ಕೆ ಪೀಪಾಯಿ ಕಾಣದ ಬಿಯರ್ ಸೇರಿಸುವುದು ನೀರು ಬೆರೆಸಿದಂತೆ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಈ ಇಡೀ ಕೆಲಸದ ಅತ್ಯಂತ ಮುಖ್ಯ ಹಂತ ಇದೇ, ಮತ್ತು ಇದನ್ನು ಒಬ್ಬರೇ ಮಾಡಬಾರದು. ಬಿಯರ್ ಮಾಡಿದವರ ನಾಲಿಗೆಗೆ ತಾನು ಏನು ಮಾಡಿದೆ ಅನ್ನುವುದು ಮೊದಲೇ ಗೊತ್ತಿರುತ್ತದೆ.

ಸಕಲೇಶಪುರ ಕಡೆಯ ಕಾಫಿ ಬೆಳೆಗಾರರ ಮನೆಯ ಗೆಳೆಯನೊಬ್ಬ ಇಲ್ಲೇ ಹತ್ತಿರದಲ್ಲಿದ್ದಾನೆ. ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಮಾಡಿ ಪಳಗಿದ ನಾಲಿಗೆ ಅವನದು, ಬಿಯರ್ ಕುಡಿಯುವುದು ಅಪರೂಪ. ಅಂಥವನೇ ಬೇಕಿತ್ತು. ಅಳತೆಯ ಸಿರಿಂಜಿನಲ್ಲಿ ಗ್ಲಾಸು ಗ್ಲಾಸಾಗಿ ಬೆರೆಸಿದೆ: ಪೂರ್ತಿ ಪೀಪಾಯಿಯದು ಒಂದು, ಒಟ್ಟಿನಲ್ಲಿ ಕೆಗ್ಗಿನದು ಶೇ. 10 ಇರುವಂತೆ ಬೆರೆಸಿದ್ದು ಒಂದು, ಶೇ. 25 ಒಂದು, ಶೇ. 40 ಒಂದು. ಗ್ಲಾಸಿನ ತಳಕ್ಕೆ ಗುರುತು ಅಂಟಿಸಿ, ಹೆಂಡತಿಗೆ ಹೇಳಿ ಸಾಲು ಬದಲಿಸಿದೆ. ಯಾವುದು ಯಾವುದು ಅಂತ ನನಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಉಗುಳಲು ಒಂದು ಚೊಂಬು. ಶೇ. 10 ದಾಟಿದ ಬಿಯರನ್ನು ನುಂಗುತ್ತಾ ಹೋದರೆ ಮೂರನೆಯ ಗ್ಲಾಸಿನ ಹೊತ್ತಿಗೆ ನಾಲಿಗೆ ಹೇಳಿದ್ದನ್ನು ನಂಬುವಂತಿಲ್ಲ, ಅವನು ಕಾರು ಓಡಿಸಿಕೊಂಡು ಮನೆಗೂ ಹೋಗಬೇಕು.

ಅವನು ಕಾಫಿ ರುಚಿ ನೋಡುವ ಹಾಗೆಯೇ ಚಮಚದಲ್ಲಿ ಸೊರ್ ಅಂತ ಎಳೆದ. ಗಾಳಿಯ ಜೊತೆ ಎಳೆದಾಗ ಸುವಾಸನೆ ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತದೆ. ಅದನ್ನು ನೋಡಿ ನಾನೂ ಹಾಗೇ ಮಾಡಿದೆ, ಗ್ಲಾಸಿನಿಂದ ಕುಡಿದಾಗ ಸಿಗದಿದ್ದ ಲವಂಗ ಸ್ಪಷ್ಟವಾಗಿ ಸಿಕ್ಕಿತು. ಮೊದಲನೆಯ ಗ್ಲಾಸಿಗೆ ಅವನು ಹೇಳಿದ್ದು, “ಇದರಲ್ಲಿ ಮರ ಮುಂದೆ ನಿಂತುಬಿಟ್ಟಿದೆ ಮಾರಾಯ, ಹಿಂದೆ ಏನಿದೆ ಅಂತ ಕಾಣೋದೇ ಇಲ್ಲ.” ಇನ್ನೊಂದಕ್ಕೆ, “ಇದು ಚೆನ್ನಾಗಿದೆ. ಹುರಿದ ಬೀಜ ಮೊದಲು ಬಂತು, ಆಮೇಲೆ ಕೊಬ್ಬರಿ, ಒಗರು ಕೊನೆಗೆ ಬಂದು ಬೇಗ ಹೋಯ್ತು.” ತಳ ತಿರುಗಿಸಿ ನೋಡಿದರೆ ಮೊದಲನೆಯದು ಪೂರ್ತಿ ಪೀಪಾಯಿಯದು, ಇನ್ನೊಂದು ಶೇ. 25 ಬೆರೆಸಿದ್ದು. ನನ್ನ ಕಾಗದದಲ್ಲೂ ಅದೇ ಮೇಲಿತ್ತು. ಶೇ. 40ರದ್ದು ಇಬ್ಬರಿಗೂ ಸಪ್ಪೆ, ಅದರಲ್ಲಿ ಪೀಪಾಯಿ ಬರೀ ಹೆಸರಿಗೆ ಇತ್ತು.

ಈ ಫಲಿತಾಂಶ ಆಕಸ್ಮಿಕ ಇರಬಾರದಲ್ಲ. ಇನ್ನೊಂದು ದಿನ ಮೂರು ಗ್ಲಾಸಿನ ಪರೀಕ್ಷೆ ಮಾಡಿದೆವು: ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ, ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಬೆರಳು ತೋರಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಗ್ಲಾಸು ಬದಲಿಸಿ ಮತ್ತೆ ಮತ್ತೆ ಮಾಡಬೇಕು. ಪೂರ್ತಿ ಪೀಪಾಯಿಯದಕ್ಕೂ ಶೇ. 10 ಬೆರೆಸಿದ್ದಕ್ಕೂ ವ್ಯತ್ಯಾಸ ನಮಗೆ ಸಿಗಲಿಲ್ಲ. ಶೇ. 25ರದ್ದನ್ನು ಇಬ್ಬರೂ ತಪ್ಪದೆ ಹಿಡಿದೆವು.

ಇಳಿಸಿ ಮುಗಿಸಿದ್ದು

ಪೀಪಾಯಿಯಿಂದ ಬಂದದ್ದು ಹದಿನೇಳೂವರೆ ಲೀಟರ್, ಕೆಗ್ಗಿನಲ್ಲಿ ಉಳಿದಿದ್ದು ಆರರ ಹತ್ತಿರ. ಪೀಪಾಯಿಯದು ಮೂರು ಪಾಲಿಗೆ ಕೆಗ್ಗಿನದು ಒಂದು ಪಾಲು, ಅಂದರೆ ಶೇ. 25ರ ಲೆಕ್ಕ ಸರಿಯಾಗಿ ಕೂತಿತು. ಪೈಪಿನ ತುದಿಯನ್ನು ತಳದಿಂದ ಎರಡು ಬೆರಳು ಮೇಲೆ ಹಿಡಿದು ಇಳಿಸಬೇಕು, ಕೆಳಗೆ ಇದ್ದಿಲಿನ ಚೂರು, ಯೀಸ್ಟಿನ ಗಸಿ ಕೂತಿರುತ್ತದೆ. ಬೆರೆಸಿದ ಬಿಯರಿನ ಆಲ್ಕೋಹಾಲ್ ಹೈಡ್ರೋಮೀಟರಿನಲ್ಲಿ ನೇರವಾಗಿ ತಿಳಿಯುವುದಿಲ್ಲ, ಮರದಿಂದ ಬಂದ ಬರ್ಬನ್ ಲೆಕ್ಕ ತಪ್ಪಿಸುತ್ತದೆ. ಶೇ. 11ರಿಂದ 12ರ ನಡುವೆ ಇರಬೇಕು.

19 ಲೀಟರ್ ಕೆಗ್ಗಿಗೆ ಹೋಯಿತು, ಗ್ಯಾಸ್ ಕಡಿಮೆಯೇ ಕೊಟ್ಟೆ. ಜಾಸ್ತಿ ಕೊಟ್ಟರೆ ನೊರೆಯ ಚುರುಕು ಒಗರನ್ನು ಎತ್ತಿ ತೋರಿಸುತ್ತದೆ. ಉಳಿದ ನಾಲ್ಕು ಲೀಟರ್ ಸಣ್ಣ ಬಾಟಲಿಗಳಿಗೆ. ತಿಂಗಳುಗಟ್ಟಲೆ ಇಷ್ಟು ಆಲ್ಕೋಹಾಲಿನಲ್ಲಿ ಇದ್ದ ಹಳೆಯ ಯೀಸ್ಟ್ ಬಾಟಲಿಯಲ್ಲಿ ಗ್ಯಾಸ್ ಮಾಡಲಾರದು, ಅದಕ್ಕೆ ಶಾಂಪೇನ್ ಯೀಸ್ಟನ್ನು ಅಳತೆಯ ಸಕ್ಕರೆಯ ಜೊತೆ ಹೊಸದಾಗಿ ಸೇರಿಸಿದೆ. ಬಾಟಲಿಯ ಮೇಲೆ ಇಳಿಸಿದ ತಿಂಗಳು, ಬೆರೆಸಿದ ಪ್ರಮಾಣ, ಪಿಎಚ್ ಬರೆದಿಟ್ಟಿದ್ದೇನೆ. ಮುಂದಿನ ವರ್ಷ ತೆಗೆದಾಗ ಯಾವುದಕ್ಕೆ ಹೋಲಿಸಬೇಕು ಅನ್ನುವುದು ಬಾಟಲಿಯ ಮೇಲೆಯೇ ಇರಲಿ.

ಕುಡಿಯಲು ಕೊಡುವಾಗ ನೂರು ಮಿಲಿ ಸಾಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಟ್ಟು ಕೊಡಿ. ಕೊಬ್ಬರಿ ಮಿಠಾಯಿ ಜೊತೆಗೆ ಬಹಳ ಹೊಂದುತ್ತದೆ, ಖಾರದ ಕೋಡುಬಳೆ ಜೊತೆಗೆ ಬೇಡ. ಆಲ್ಕೋಹಾಲಿನ ಬಿಸಿಯೂ ಮೆಣಸಿನ ಉರಿಯೂ ಸೇರಿ ಬೇರೇನೂ ತಿಳಿಯುವುದಿಲ್ಲ.

ಪೀಪಾಯಿಯನ್ನು ಒಂದು ರಾತ್ರಿಯೂ ಖಾಲಿ ಬಿಡಲಿಲ್ಲ. ಇಳಿಸಿದ ದಿನವೇ ಬಿಸಿನೀರಿನಲ್ಲಿ ಒಮ್ಮೆ ತೊಳೆದು, ಮೊದಲೇ ಮಾಡಿಟ್ಟುಕೊಂಡಿದ್ದ, ಶೇ. 7 ಆಲ್ಕೋಹಾಲಿನ ಪೋರ್ಟರ್ ಅನ್ನುವ ಇನ್ನೊಂದು ಕಡುಬಣ್ಣದ ಬಿಯರ್ ತುಂಬಿಸಿದೆ. ಈಗ ಬರ್ಬನ್ ಹೆಚ್ಚುಕಡಿಮೆ ಹೋಗಿದೆ, ಮರದ ಮೇಲುಪದರದ ಒಗರೂ ತಗ್ಗಿದೆ. ಎರಡನೆಯ ಸಲಕ್ಕೆ ಬಿಯರನ್ನು ಹೆಚ್ಚು ಕಾಲ ಇಡಬಹುದು, ಆದರೆ ಮದ್ಯದ ಕಾವಲು ಇಲ್ಲದ್ದರಿಂದ ಪಿಎಚ್ ಮೇಲೆ ಕಣ್ಣು ಇನ್ನೂ ಹತ್ತಿರದಿಂದ ಇಡಬೇಕು. ಮೂರನೆಯ ಸಲಕ್ಕೆ ಈ ಪೀಪಾಯಿಯಲ್ಲಿ ಉಳಿಯುವುದು ಗಾಳಿಯ ಪಾಲು ಮಾತ್ರ, ಆಗ ಅದನ್ನು ಬೇಕೆಂದೇ ಹುಳಿ ಮಾಡುವ ಬಿಯರಿಗೆ ಮೀಸಲಿಡುತ್ತೇನೆ. ಒಮ್ಮೆ ಹುಳಿ ಹೊಕ್ಕ ಮರಕ್ಕೆ ಮತ್ತೆ ಸ್ಟೌಟ್ ಹಾಕುವಂತಿಲ್ಲ.